ಪಾಲಾಕ್ಷಯ್ಯನ ನಿರ್ಬಂಧಿತ ರಜೆ

ಡಿಸೆಂಬರ್ ಮೂರನೇ ವಾರ ಬಂತೆಂದರೆ ಸರ್ಕಾರಿ ನೌಕರನ ಎದೆಯಲ್ಲಿ ಒಂದು ಸಂಕಟ ಶುರುವಾಗುತ್ತದೆ. ಅದು ಚಳಿಯದಲ್ಲ, ಉಳಿದ ರಜೆಯದು. ಮೂವತ್ತೊಂದನೇ ತಾರೀಖು ಕಳೆದರೆ ತಾನಾಗಿ ಸತ್ತುಹೋಗುವ ರಜೆಯನ್ನು ಕಣ್ಣೆದುರಿಗೆ ಇಟ್ಟುಕೊಂಡು ಕೆಲಸಕ್ಕೆ ಹೋಗುವುದು, ಬಡಿಸಿದ ಎಲೆ ಬಿಟ್ಟು ಎದ್ದುಹೋದಷ್ಟೇ ಪಾಪ ಎಂದು ಪಾಲಾಕ್ಷಯ್ಯ ನಂಬಿದ್ದ.

ಪಾಲಾಕ್ಷಯ್ಯ ಅರಕಲಗೂಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಯಾವ ಕಚೇರಿ ಎಂದು ಹೇಳದಿರುವುದೇ ಕ್ಷೇಮ. ನಿಮ್ಮದೂ ಒಂದು ಕಡತ ಅಲ್ಲಿ ಮಲಗಿದ್ದೀತು. ಮನೆ ಹೊಳೆನರಸೀಪುರ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವನು ಸಂಪಾದಿಸಿದ್ದು, ಒಕ್ಕಣೆ ಬರೆಯುವುದರಲ್ಲಿ ಅವನಿಗೆ ಸಮ ಯಾರೂ ಇಲ್ಲ ಎಂಬ ಹೆಸರು. ಅದರ ಜೊತೆಗೆ, ಸಾಹೇಬರು ಏನು ಕೇಳಿದರೂ ಅರ್ಥವಾಗುವ ಮೊದಲೇ 'ಹೌದು' ಅನ್ನುವ ಅಭ್ಯಾಸ. ಬೇರೆ ಬೇರೆಯಾಗಿದ್ದಾಗ ಇವೆರಡರಿಂದ ಯಾರಿಗೂ ತೊಂದರೆ ಇರಲಿಲ್ಲ.

ಆ ವರ್ಷ ಅವನ ಪಾಲಿಗೆ ಒಂದು ನಿರ್ಬಂಧಿತ ರಜೆ ಉಳಿದಿತ್ತು. ಎಲ್ಲ ಧರ್ಮದವರ ಹಬ್ಬಗಳ ಪಟ್ಟಿ ಕೊಟ್ಟು, ಇದರಲ್ಲಿ ನಿಮಗೆ ಬೇಕಾದ ಎರಡು ದಿನ ಆರಿಸಿಕೊಳ್ಳಿ ಎಂದು ಸರ್ಕಾರ ದಯಪಾಲಿಸುವ ರಜೆ ಅದು. ಪಟ್ಟಿಯಲ್ಲಿ ಇನ್ನು ಉಳಿದಿದ್ದ ದಿನ ಒಂದೇ, ಡಿಸೆಂಬರ್ ಇಪ್ಪತ್ತನಾಲ್ಕು, ಕ್ರಿಸ್‌ಮಸ್ ಹಿಂದಿನ ದಿನ. ಇತ್ತ ಮನೆಯಲ್ಲಿ ಹೆಂಡತಿ ರೇವಮ್ಮ ಎರಡು ತಿಂಗಳಿಂದ ಸಂಪು ತೊಳೆಸಿ ಎಂದು ಪ್ರಾಣ ತಿನ್ನುತ್ತಿದ್ದಳು. ಅಂಗಳದಡಿಯ ಆ ನೀರಿನ ತೊಟ್ಟಿಯಲ್ಲಿ ಗೇಣುದ್ದ ಕೆಸರು ಕೂತಿತ್ತು. ಸಂಪು ತೊಳೆಯುವ ರಾಮಣ್ಣ, "ಇಪ್ಪತ್ನಾಲ್ಕಕ್ಕೆ ಬತ್ತೀನಿ. ಅದು ಬುಟ್ರೆ ಸಂಕ್ರಾಂತಿ ಕಳೀಲಿ" ಎಂದಿದ್ದ. ದೇವರೇ ರಜೆಯನ್ನೂ ರಾಮಣ್ಣನನ್ನೂ ಒಂದೇ ದಿನಕ್ಕೆ ಕೂಡಿಸಿಕೊಟ್ಟ ಮೇಲೆ ಪಾಲಾಕ್ಷಯ್ಯ ತಡಮಾಡಲಿಲ್ಲ. ಸೋಮವಾರ ಬೆಳಿಗ್ಗೆ ಅರ್ಜಿ ಬರೆಯಲು ಕೂತ.

"ಅದೇನ್ ಸಾ ಅಷ್ಟೊತ್ತು? ಸ್ವಂತ ಕೆಲಸ ಅಂತ ಗೀಚಿ ಕೊಟ್ಬುಡಿ," ಎಂದ ಪಕ್ಕದ ಮೇಜಿನ ಬಸವೇಶ. ನೌಕರರ ರಜೆ, ಬಡ್ತಿ, ಶಿಕ್ಷೆಗಳ ಕಡತಗಳೆಲ್ಲ ಇರುವುದು ಅವನ ಬೀರುವಿನಲ್ಲಿ.

"ಹಬ್ಬಕ್ಕೆ ಅಂತ ಕೊಡೋ ರಜ ಕಣಯ್ಯ ಇದು. ಹಬ್ಬದ ಮರ್ಯಾದೆಗೆ ತಕ್ಕಂಗೆ ಬರೀಬೇಕು," ಎಂದ ಪಾಲಾಕ್ಷಯ್ಯ, ಪೆನ್ನಿನ ತುದಿ ಕಚ್ಚಿಕೊಂಡು. ಬರೆದದ್ದು ಹೀಗಿತ್ತು: 'ಸದರಿ ದಿನಾಂಕದಂದು ಕ್ರಿಸ್‌ಮಸ್ ಹಬ್ಬದ ಮುನ್ನಾದಿನದ ಪವಿತ್ರ ಆಚರಣೆಯನ್ನು ಕುಟುಂಬ ಸಮೇತನಾಗಿ, ಶ್ರದ್ಧಾಭಕ್ತಿಪೂರ್ವಕವಾಗಿ ನೆರವೇರಿಸಬೇಕಾಗಿರುವ ಪ್ರಯುಕ್ತ...' ಮತ್ತೊಮ್ಮೆ ಓದಿ ನೋಡಿದ. ತನ್ನ ಒಕ್ಕಣೆಗೆ ತಾನೇ ತಲೆದೂಗಿದ.

ಹಿಂದಿನ ಸಾಹೇಬರಾಗಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಅವರು ಓದುತ್ತಿರಲಿಲ್ಲ, ಸಹಿ ಮಾಡುತ್ತಿದ್ದರು. ಈಗ ಬಂದಿದ್ದವರು ಮಂಗಳೂರಿನ ಹಿಲ್ಡಾ ಪಿಂಟೊ ಮೇಡಂ. ಬಂದು ಇನ್ನೂ ಇಪ್ಪತ್ತು ದಿನ. ತಮ್ಮ ಮೇಜಿಗೆ ಬಂದ ಕಾಗದವನ್ನೆಲ್ಲ ಮೊದಲಿಂದ ಕೊನೆಯವರೆಗೆ ಓದುವ, ಸರ್ಕಾರಿ ಕಚೇರಿಯಲ್ಲಿ ಅಪರೂಪಕ್ಕೆ ಕಾಣುವ ಒಂದು ಚಟ ಅವರಿಗಿತ್ತು. ಅರ್ಧ ಗಂಟೆಯಲ್ಲಿ ಕರೆ ಬಂತು.

ಪಾಲಾಕ್ಷಯ್ಯನಿಗೆ ಚಳಿ ಎಂದರೆ ಆಗದು. ಡಿಸೆಂಬರ್ ಒಂದಕ್ಕೆ ತಲೆಗೇರಿದ ಮಂಕಿ ಟೋಪಿ ಶಿವರಾತ್ರಿಗೇ ಕೆಳಗಿಳಿಯುವುದು. ಹೀಗಾಗಿ ಮೇಡಂ ಈ ಇಪ್ಪತ್ತು ದಿನದಲ್ಲಿ ಅವನ ಮೂಗು, ಕಣ್ಣು ನೋಡಿದ್ದರೇ ಹೊರತು ಹಣೆ ನೋಡಿರಲಿಲ್ಲ. ಆ ಹಣೆಯ ಮೇಲೆ ದಿನಾ ಬೆಳಿಗ್ಗೆ ಮೂರೆಳೆ ವಿಭೂತಿ ಕೂರುತ್ತದೆ ಎಂಬುದು ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಟೋಪಿಯೊಳಗಿನ ಕಿವಿಗೂ ಅರ್ಧ ಮಾತು ಮಾತ್ರ ಇಳಿಯುತ್ತಿತ್ತು.

"ಕೂತ್ಕೊಳ್ಳಿ ಪಾಲಾಕ್ಷರೇ," ಎಂದರು ಮೇಡಂ. ಅವರ ಕೈಯಲ್ಲಿ ಅರ್ಜಿ ಇತ್ತು. "ಪವಿತ್ರ ಆಚರಣೆ, ಕುಟುಂಬ ಸಮೇತ... ನಾನು ಎರಡೆರಡು ಸಲ ಓದಿದೆ ನೋಡಿ."

ಒಕ್ಕಣೆಗೆ ಇಂಥ ಮೆಚ್ಚುಗೆ ಇಪ್ಪತ್ತಾರು ವರ್ಷದಲ್ಲಿ ಸಿಕ್ಕಿರಲಿಲ್ಲ. ಪಾಲಾಕ್ಷಯ್ಯ ಕೈಮುಗಿದ.

"ಹಾಸನದ ಕಡೆ ಹಳೇ ಕಾಲದ ಊರುಗಳುಂಟು, ಅಲ್ಲಿ ನಮ್ಮವರ ಹೆಸರೆಲ್ಲ ಇಲ್ಲಿಯವರ ಹಾಗೇ ಇರ್ತದೆ ಅಂತ ಕೇಳಿದ್ದೆ. ನೀವು ನಮ್ಮವರೇ ಅಲ್ವಾ?"

ಕಚೇರಿಯಲ್ಲಿ ಹೋದ ತಿಂಗಳಷ್ಟೇ ನೌಕರರ ಸಂಘದ ಚುನಾವಣೆಯಾಗಿ ಸಾಹೇಬರ ಕಡೆಯವರು, ಸಂಘದ ಕಡೆಯವರು ಎಂದು ಎರಡು ಪಂಗಡವಾಗಿತ್ತು. ಮೇಡಂ ಕೇಳುತ್ತಿರುವುದು ಅದನ್ನೇ ಎಂದುಕೊಂಡ ಪಾಲಾಕ್ಷಯ್ಯ ಹಿಂದೆಮುಂದೆ ನೋಡಲಿಲ್ಲ. "ಹೌದು ಮೇಡಂ. ಯಾವತ್ತಿದ್ರೂ ನಿಮ್ಮೋನೇ."

ಮೇಡಂ ಮುಖ ಅರಳಿತು. "ಮತ್ತೆ ನೀವೆಲ್ಲ ಮಾಸಿಗೆ ಎಲ್ಲಿಗೆ ಹೋಗುವುದು?"

ಟೋಪಿಯ ಉಣ್ಣೆ ದಾಟಿ ಒಳಗೆ ಹೋಗುವಷ್ಟರಲ್ಲಿ ಚರ್ಚಿನ ಪೂಜೆಯಾದ 'ಮಾಸ್' ಮಾಂಸವಾಗಿತ್ತು. ಪಾಲಾಕ್ಷಯ್ಯ ಬೆಚ್ಚಿದ. "ಇಲ್ಲ ಮೇಡಂ, ನಾವು ಅದಕ್ಕೆಲ್ಲ ಹೋಗಲ್ಲ. ನಮ್ ತಾತನ ಕಾಲದಿಂದ್ಲೂ ಇಲ್ಲ."

"ತಾತನ ಕಾಲದಿಂದ ಹೋಗಿಲ್ವಾ? ಹತ್ತಿರದಲ್ಲಿ ಇಲ್ಲ ಅಂತಲಾ?"

"ಹತ್ರದಲ್ಲೇ ಮೂರಿದಾವೆ ಮೇಡಂ. ಭಾನುವಾರ ಬೆಳಿಗ್ಗೆ ಜನ ಸಾಲು ನಿಂತಿರ್ತಾರೆ. ನಾವು ಮಾತ್ರ ಆ ಕಡೆ ತಲೆ ಹಾಕಲ್ಲ."

"ಯಾಕೆ ಹಾಗೆ?"

"ವಾಸನೆ ಆಗಲ್ಲ ಮೇಡಂ. ಮನೆಯವಳಿಗಂತೂ ತಲೆ ತಿರುಗುತ್ತೆ."

ಮೇಡಂ ಅದಕ್ಕೂ ಒಂದು ಅರ್ಥ ಹುಡುಕಿಕೊಂಡರು. "ಧೂಪದ ಹೊಗೆ ಕೆಲವರಿಗೆ ಆಗುವುದಿಲ್ಲ, ನಿಜ. ನಮ್ಮ ಅಮ್ಮನಿಗೂ ಹಾಗೇ ಇತ್ತು. ಅದಕ್ಕೆಂತ, ಹಿಂದಿನ ಬೆಂಚಿನಲ್ಲಿ ಕೂತರಾಯ್ತು. ಹಾಸನದಲ್ಲಿ ಬುಧವಾರ ಸಂಜೆ ಏಳಕ್ಕೇ ಉಂಟು. ಅವತ್ತು ನಾನೂ ರಜೆ ಹಾಕಿದ್ದೇನೆ. ಮೂರು ಗಂಟೆಗೆ ನಿಮ್ಮ ಮನೆಗೆ ಬರ್ತೇನೆ, ಗೋದಲಿ ಒಟ್ಟಿಗೆ ಇಡುವ, ಆಮೇಲೆ ಎಲ್ಲರೂ ಹೋಗುವ. ಆಗಬಹುದಾ?"

ಧೂಪ ಎಲ್ಲಿಂದ ಬಂತು, ಗೋದಲಿ ಎಂದರೇನು, ಹಾಸನಕ್ಕೆ ಯಾತಕ್ಕೆ, ಪಾಲಾಕ್ಷಯ್ಯನಿಗೆ ಒಂದೂ ತಿಳಿಯಲಿಲ್ಲ. "ಹೌದು ಮೇಡಂ," ಎಂದ.

ಹೊರಗೆ ಬಂದವನ ಮುಖ ನೋಡಿ ಬಸವೇಶ ನಡೆದದ್ದನ್ನೆಲ್ಲ ಬಾಯಿ ಬಿಡಿಸಿದ. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. "ಸಾ, ಮೇಡಂ ನಿಮ್ಮನ್ನ ಕಿರಸ್ತಾನರು ಅಂದ್ಕಂಡವ್ರೆ."

"ಯಾಕಯ್ಯ?"

"ನೀವೇ ಬರ್ಕೊಟ್ಟಿದೀರಲ್ಲ."

"ಹಂಗಾದ್ರೆ ಹೋಗಿ, ಇಲ್ಲ ಮೇಡಂ, ಸಂಪು ತೊಳಿಸೋಕೆ ಅಂತ ಹೇಳ್ಬುಡ್ಲಾ?"

ಬಸವೇಶ ಬೀರುವಿನ ಕಡೆ ನೋಡಿದ. "ಹೇಳಬೌದು. ಆದ್ರೆ ಬಾಯಲ್ಲಿ ಆಡಿದ ಸುಳ್ಳು ಗಾಳೀಗೆ ಹೋಯ್ತದೆ ಸಾ, ಬರೆದ ಸುಳ್ಳು ಸೇವಾ ಪುಸ್ತಕಕ್ಕೆ ಹೋಯ್ತದೆ. ಶ್ರದ್ಧಾಭಕ್ತಿ ಅಂತ ಬೇರೆ ಬರ್ದಿದೀರಿ. ವಿಚಾರಣೆ ಆದ್ರೆ ಆ ಪದಕ್ಕೆ ಏನಂತ ವಿವರಣೆ ಕೊಡ್ತೀರಿ? ಸಂಪಿನ ಮೇಲೆ ಶ್ರದ್ಧೆ, ರಾಮಣ್ಣನ ಮೇಲೆ ಭಕ್ತಿ ಅಂತೀರಾ?"

ಆ ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೂ ಪಾಲಾಕ್ಷಯ್ಯನಿಗೆ ಸುಖವಾಗಲಿಲ್ಲ.

ಮನೆಯಲ್ಲಿ ಮಗಳು ಸೌಜನ್ಯ ಎಲ್ಲ ಕೇಳಿ ಮೊದಲು ನಕ್ಕಳು. ಹಾಸನದಲ್ಲಿ ಬಿ.ಎಡ್. ಓದುವ ಹುಡುಗಿ, ತಂದೆಗೆ ಪಾಠ ಮಾಡುವುದು ಅವಳಿಗೆ ಅಭ್ಯಾಸಕ್ಕೂ ಆಗುತ್ತಿತ್ತು. "ಅಪ್ಪ, ಮಾಸ್ ಅಂದ್ರೆ ಅವರ ಪೂಜೆ. ಗೋದಲಿ ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆ, ಅದನ್ನ ಗೊಂಬೆ ಇಟ್ಟು ಮಾಡ್ತಾರೆ. ನೀನು ಚರ್ಚಿನ ವಾಸನೆ ಆಗಲ್ಲ ಅಂತ ಹೇಳಿ ಬಂದಿದೀಯ."

"ನಾನು ಕುರಿ ಅಂಗಡಿ ಬಗ್ಗೆ ಹೇಳಿದ್ದು ಕಣಮ್ಮ."

"ಫೋನ್ ಮಾಡಿ ನಿಜ ಹೇಳ್ಬುಡಿ," ಎಂದಳು ರೇವಮ್ಮ, ಅವರೆಕಾಯಿ ಸುಲಿಯುತ್ತ. "ಸುಳ್ಳಿಗೆ ಸುಳ್ಳು ಗಂಟು ಹಾಕ್ತಾ ಹೋದ್ರೆ ಕೊನೀಗೆ ಬಿಚ್ಚೋರು ಯಾರು?"

ಮಂಗಳವಾರ ಮೇಡಂ ಹಾಸನಕ್ಕೆ ಮೀಟಿಂಗಿಗೆ ಹೋಗಿದ್ದರು. ಸಂಜೆ ಮನೆಗೆ ಬಂದವನೇ ಪಾಲಾಕ್ಷಯ್ಯ ದೇವರ ಮನೆ ಮುಂದೆ ನಿಂತು ಫೋನು ಮಾಡಿದ. ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದ. ಮೊದಲ ವಾಕ್ಯ 'ಮಾನ್ಯರೇ, ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ' ಎಂದಿತ್ತು. ಅದನ್ನು ಓದುವ ಮೊದಲೇ ಆ ಕಡೆಯಿಂದ ಮಾತು ಬಂತು.

"ನಾನೇ ನಿಮಗೆ ಮಾಡುವವಳಿದ್ದೆ ಪಾಲಾಕ್ಷರೇ. ಅಮ್ಮ ಹೋದ ಮೇಲೆ ಇದು ಮೊದಲ ಕ್ರಿಸ್‌ಮಸ್. ಇಪ್ಪತ್ತಾರಕ್ಕೆ ಮತ್ತೆ ಮೀಟಿಂಗ್, ಊರಿಗೆ ಹೋಗ್ಲಿಕ್ಕಿಲ್ಲ. ಗೋದಲಿಯ ಗೊಂಬೆ ಪೆಟ್ಟಿಗೆ ಅಮ್ಮನದ್ದು. ತಂದಿಟ್ಟಿದ್ದೆ, ತೆರೆಯಲಿಕ್ಕೆ ಮನಸ್ಸಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇಟ್ಟು ಒಬ್ಬಳೇ ನೋಡುವುದೆಂತ? ನಿನ್ನೆ ನಿಮ್ಮ ಅರ್ಜಿ ಓದಿದ ಮೇಲೆ ತೆರೆದೆ. ಅದಿರಲಿ, ನೀವೆಂತಕ್ಕೆ ಫೋನ್ ಮಾಡಿದ್ದು?"

ಪಾಲಾಕ್ಷಯ್ಯ ಚೀಟಿ ನೋಡಿದ. ಮಡಿಸಿ ಜೇಬಿಗಿಟ್ಟುಕೊಂಡ. "ಹೌದು ಮೇಡಂ," ಎಂದ.

"ಎಂತ ಹೌದು?"

"ಅಲ್ಲ, ಒಬ್ಬಟ್ಟು ಆಗುತ್ತಾ ನಿಮ್ಗೆ ಅಂತ ಕೇಳೋಣ ಅಂತ."

ಫೋನಿಟ್ಟು ತಿರುಗಿದರೆ ಹಿಂದೆ ರೇವಮ್ಮ ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ಬೈಯಲು ಅವಳು ಸಿದ್ಧವಾಗಿದ್ದಂತೆ ಕಂಡಿತು. ಆದರೆ ಬಾಯಿಂದ ಬಂದದ್ದು ಬೇರೆ. "ಬೇಳೆ ಎಷ್ಟು ಪಾವು ಹಾಕ್ಲಿ?"

ಹೀಗೆ ಆ ಮನೆಯಲ್ಲಿ ಒಂದು ತೀರ್ಮಾನವಾಯಿತು. ಅರ್ಜಿ ಸುಳ್ಳಾಗಬಾರದು ಎಂದರೆ ಹಬ್ಬ ನಿಜವಾಗಬೇಕು. ಬುಧವಾರ ಕುಟುಂಬ ಸಮೇತ, ಶ್ರದ್ಧಾಭಕ್ತಿಪೂರ್ವಕ ಕ್ರಿಸ್‌ಮಸ್ ಹಿಂದಿನ ದಿನವನ್ನು ಆಚರಿಸಿಬಿಡುವುದು. ಆಮೇಲೆ ಯಾವ ವಿಚಾರಣೆ ಬಂದರೂ ಬರಲಿ.

ಆಚರಿಸುವುದು ಹೇಗೆ ಎಂಬುದಷ್ಟೇ ಯಾರಿಗೂ ಗೊತ್ತಿರಲಿಲ್ಲ. ಸೌಜನ್ಯ ಒಂದು ಕಾಗದದ ನಕ್ಷತ್ರ ತಂದು ಬಾಗಿಲಿಗೆ ಕಟ್ಟಿದಳು. ರೇವಮ್ಮ ತನಗೆ ಗೊತ್ತಿದ್ದದ್ದನ್ನು ಮಾಡಿದಳು. ಬೆಳಗಿನ ಜಾವವೇ ಎದ್ದು ಬಾಗಿಲು ಸಾರಿಸಿ ದೊಡ್ಡ ರಂಗೋಲಿ ಬಿಟ್ಟು, ನಕ್ಷತ್ರದ ಕೆಳಗೆ ಮಾವಿನ ತೋರಣ ಕಟ್ಟಿ, ಗಂಡನಿಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿದಳು. ಹಿತಕವರೆ ಸಾರಿಗೆ ಇಟ್ಟು ಒಬ್ಬಟ್ಟಿಗೆ ಕೂತಳು.

ಇದನ್ನೆಲ್ಲ ಎದುರು ಮನೆಯ ಜಯಲಕ್ಷ್ಮಮ್ಮ ನೋಡುತ್ತಿದ್ದಳು. ಎರಡು ಹಸು ಕಟ್ಟಿಕೊಂಡು ಬೀದಿಗೆಲ್ಲ ಹಾಲು ಹಾಕುವ ಹೆಂಗಸು. ಹಾಲಿನ ಜೊತೆಗೆ ಸುದ್ದಿಯನ್ನೂ ಮನೆಮನೆಗೆ ಅಳೆದು ಕೊಡುತ್ತಿದ್ದಳು. ತಡೆಯಲಾರದೆ ಬಂದು ಕೇಳಿದಳು.

"ರೇವಮ್ಮ, ಧನುರ್ಮಾಸದಲ್ಲಿ ಇದ್ಯಾವ ಹಬ್ಬ? ತ್ವಾರಣ ಬ್ಯಾರೆ ಕಟ್ಟಿದೀಯ."

"ಹಿಂಗೇ ಜಯಕ್ಕ. ಇವ್ರ ಆಪೀಸಿನ ಮೇಡಮ್ಮೋರು ಬತ್ತಾವ್ರೆ."

"ಯಾತಕ್ಕೆ?"

"ನೋಡ್ಕಂಡು ಹೋಗಕ್ಕೆ," ಎಂದಳು ರೇವಮ್ಮ. ಕಾವಲಿಯ ಮೇಲೆ ಒಬ್ಬಟ್ಟು ಹೊತ್ತಿದ ವಾಸನೆ ಬಂದು ಒಳಗೆ ಓಡಿದಳು.

ಅರ್ಧ ಹೇಳಿದ ಮಾತನ್ನು ಜಯಲಕ್ಷ್ಮಮ್ಮ ಅರ್ಧಕ್ಕೇ ಬಿಡುವವಳಲ್ಲ. ತೋರಣ, ಒಬ್ಬಟ್ಟು, ಮದುವೆಗೆ ಬಂದ ಮಗಳು, ನೋಡಿಕೊಂಡು ಹೋಗಲು ಬರುವ ದೊಡ್ಡ ಹೆಂಗಸು. ಇನ್ನೇನು ಬೇಕು? ಒಳ್ಳೆಯ ಕೆಲಸಕ್ಕೆ ಆಗದ ತಿಂಗಳಲ್ಲಿ, ಗುಟ್ಟಾಗಿ, ಹೆಣ್ಣು ತೋರಿಸುತ್ತಿದ್ದಾರೆ. ರೇವಮ್ಮನ ತಮ್ಮ ಸಿದ್ದೇಶ್ವರ ನುಗ್ಗೇಹಳ್ಳಿಯವನು, ಹಾಲಿನ ಡೈರಿಯ ನಿರ್ದೇಶಕ. ಅವನ ಮೂಲಕವೇ ಜಯಲಕ್ಷ್ಮಮ್ಮ ಕರು ಕೊಂಡಿದ್ದಳು. ನಂಬರು ಇತ್ತು. "ಸಿದ್ದೇಶಣ್ಣ, ನಿಮ್ಮುಡ್ಗೀ ಶಾಸ್ತ್ರಕ್ಕೆ ನೀವು ಬರಾಕಿಲ್ವಾ?" ಎಂದು ಮಾತ್ರ ಕೇಳಿ ಫೋನಿಟ್ಟಳು. ಅದಕ್ಕಿಂತ ಹೆಚ್ಚು ಹೇಳಿದರೆ ಚಾಡಿ ಹೇಳಿದಂತಾಗುತ್ತದೆ ಎಂದು ಅವಳ ಭಾವನೆ.

ಬೆಳಿಗ್ಗೆ ಎಂಟಕ್ಕೆ ಬರುತ್ತೇನೆಂದ ರಾಮಣ್ಣ ಬಂದದ್ದು ಮಧ್ಯಾಹ್ನ ಎರಡೂವರೆಗೆ. ಬೇಡ, ನಾಳೆ ಬಾ ಎಂದರೆ, "ಈಗ ಓದ್ರೆ ಸಂಕ್ರಾಂತೀನೆ ಸಾ" ಎಂದು ಏಣಿ ಇಳಿಸಿ ಸಂಪಿನೊಳಗೆ ಮಾಯವಾದ. ರಂಗೋಲಿಯ ಮೇಲೆ ಬಕೆಟ್ಟು ಬಕೆಟ್ಟು ಕೆಸರು ಬಂದು ಬಿದ್ದಿತು. ಆ ಕೆಸರು ದಾಟಿಕೊಂಡು, ಸರಿಯಾಗಿ ಮೂರಕ್ಕೆ, ಹಿಲ್ಡಾ ಮೇಡಂ ಬಂದರು. ಸ್ವಂತ ಕೆಲಸಕ್ಕೆ ಸರ್ಕಾರಿ ಜೀಪು ಬೇಡವೆಂದು ಅರಕಲಗೂಡಿನಿಂದ ಬಸ್ಸಿನಲ್ಲಿ, ಒಂದು ಕೈಯಲ್ಲಿ ತಿಂಡಿಯ ಡಬ್ಬ, ಇನ್ನೊಂದು ಕೈಯಲ್ಲಿ ಎದೆಗವಚಿಕೊಂಡ ಮರದ ಪೆಟ್ಟಿಗೆ.

ತಲೆಗೆ ನೀರು ಹಾಕಿಕೊಂಡ ಮೇಲೆ ಶೀತವಾದೀತೆಂದು ಪಾಲಾಕ್ಷಯ್ಯನ ಟೋಪಿ ಮತ್ತೆ ಏರಿತ್ತು. ಒಳಗೆ ವಿಭೂತಿ, ಹೊರಗೆ ಉಣ್ಣೆ. ಬನ್ನಿ ಮೇಡಂ, ಹೌದು ಮೇಡಂ ಎನ್ನುತ್ತ ಒಳಗೆ ಕರೆತಂದ.

ಮೇಡಂ ಡಬ್ಬ ತೆಗೆದು ರೇವಮ್ಮನಿಗೆ ಕೊಟ್ಟರು. ಅವಳು ಮೊದಲು ಭಯದಿಂದ, ಆಮೇಲೆ ಆಶ್ಚರ್ಯದಿಂದ ನೋಡಿದಳು. "ಇದು ಚಕ್ಕುಲಿ, ಇದು ಎಳ್ಳುಂಡೆ. ಇದು ಕರ್ಜೀಕಾಯಿ."

"ನಾವು ನೆವ್ರಿ ಅಂತೇವೆ. ಹಬ್ಬಕ್ಕೆ ಎಲ್ಲರ ಮನೆಗೆ ಹಂಚುವುದು."

"ನಮ್ದೂ ಹಂಗೇ. ಹಬ್ಬ ಬ್ಯಾರೆ, ಡಬ್ಬ ಒಂದೇ," ಎಂದಳು ರೇವಮ್ಮ. ಅಲ್ಲಿಗೆ ಅವಳ ಭಯ ಅರ್ಧ ಇಳಿಯಿತು.

ನಡುಮನೆಯ ಮೂಲೆಯಲ್ಲಿ ಮೇಡಂ ಗೊಂಬೆಗಳನ್ನು ಒಂದೊಂದಾಗಿ ತೆಗೆದರು. ಬಣ್ಣ ಮಾಸಿದ ಮಣ್ಣಿನ ಗೊಂಬೆಗಳು. ತಾಯಿ, ತಂದೆ, ಕುರಿ ಕಾಯುವವರು, ಒಂದು ಹಸು, ಒಂದು ಕತ್ತೆ. ಹಾಲು ಕೊಡುವ ನೆಪದಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ ಜಯಲಕ್ಷ್ಮಮ್ಮನಿಗೆ ಹಸು ನೋಡಿ ಸುಮ್ಮನಿರಲಾಗಲಿಲ್ಲ. "ಬರೀ ನೆಲದ ಮ್ಯಾಲೆ ಮಲಗ್ಸವ್ರಲ್ಲ, ಕೆಚ್ಚಲು ಬಾತ್ಕತದೆ," ಎಂದು ಓಡಿಹೋಗಿ ಒಂದು ಹಿಡಿ ರಾಗಿ ಹುಲ್ಲು ತಂದು ತಾನೇ ಹಾಸಿದಳು. ಮೇಡಂ ಕಣ್ಣೊರೆಸಿಕೊಂಡರು. ಬೀಗರ ಕಡೆಯವರು ಇಷ್ಟು ಮೃದುವಾಗಿರುವುದನ್ನು ಜಯಲಕ್ಷ್ಮಮ್ಮ ನೋಡಿರಲಿಲ್ಲ.

ಆಗ ಹೊರಗೆ ಕಾರು ನಿಂತಿತು. ಸಿದ್ದೇಶ್ವರ ಇಳಿದ. ಬಿಳಿ ಪಂಚೆ, ಹೆಗಲಿಗೆ ಶಲ್ಯ. ಹಿಂದೆ ಹಣ್ಣಿನ ತಟ್ಟೆ ಹಿಡಿದ ಹೆಂಡತಿ ಪಾರ್ವತಮ್ಮ. ಚನ್ನರಾಯಪಟ್ಟಣದಲ್ಲಿ ನಿಲ್ಲಿಸಿ ತಂದ ಹಣ್ಣು. ಸಿಟ್ಟಿದ್ದರೂ ಬರಿಗೈಯಲ್ಲಿ ಬರುವ ಮನುಷ್ಯ ಅವನಲ್ಲ. ಕೆಸರಿನಲ್ಲಿ ಒಂದು ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತ.

"ಸೋದರಮಾವ ಬದುಕವ್ನೆ ಭಾವ. ಸತ್ತಿಲ್ಲ."

"ಬಾ ಸಿದ್ದೇಶ, ಕೂತ್ಕೊ," ಎಂದ ಪಾಲಾಕ್ಷಯ್ಯ. ಭಾಮೈದ ಬದುಕಿರುವ ವಿಷಯ ಈಗ ಯಾಕೆ ಬಂತೆಂದು ಅವನಿಗೆ ತಿಳಿಯಲಿಲ್ಲ.

ಸಿದ್ದೇಶ್ವರ ಕೂರದೆ ಮೇಡಂ ಕಡೆ ತಿರುಗಿದ. ಬೀಗಿತ್ತಿಯ ಎದುರು ಕೂಗಾಡಬಾರದೆಂಬ ಎಚ್ಚರ ಬಂದು ದನಿ ಇಳಿಸಿದ. "ನಮಸ್ಕಾರ ಕಣಮ್ಮ. ನಾನು ಹುಡುಗಿ ಸೋದರಮಾವ. ಹುಡುಗ ಎಲ್ಲಿ, ಕಾಣ್ತಿಲ್ವಲ್ಲ?"

ಮೇಡಂ ಕೈಯಲ್ಲಿ ಕತ್ತೆ ಇತ್ತು. ಗೊಂಬೆಗಳ ನಡುವಿನ ಖಾಲಿ ಜಾಗ ನೋಡಿ ಕೇಳುತ್ತಿದ್ದಾನೆಂದು ತಿಳಿದರು. "ಹುಡುಗ ಈಗಲೇ ಎಲ್ಲಿ? ಇವತ್ತು ರಾತ್ರಿ ಹುಟ್ಟುವುದಲ್ವಾ."

ಸಿದ್ದೇಶ್ವರ ಹೆಂಡತಿಯ ಮುಖ ನೋಡಿದ. ಅವಳು ಹಣ್ಣಿನ ತಟ್ಟೆಯನ್ನು ನಿಧಾನಕ್ಕೆ ಕೆಳಗಿಟ್ಟಳು.

"ಇನ್ನೂ ಹುಟ್ಟಿಲ್ವಾ?"

"ಇಲ್ಲ. ಹುಟ್ಟಿದ ಮೇಲೇ ಇಲ್ಲಿ ಇಡುವುದು."

"ಹುಡುಗನ ತಂದೆ ಏನ್ ಮಾಡ್ಕಂಡವ್ರೆ?"

"ಬಡಗಿ ಕೆಲಸ," ಎಂದರು ಮೇಡಂ, ಇಷ್ಟೂ ಗೊತ್ತಿಲ್ಲವಲ್ಲ ಎಂದು ತುಸು ಬೇಸರದಿಂದ. "ಆದರೆ ಅವರು ಸಾಕುತಂದೆ."

"ಆಗ್ಲಿ. ಸ್ವಂತ ಮನೆ?"

"ಮನೆ ಎಲ್ಲಿ ಸಿಕ್ಕಿತು ಪಾಪ. ಊರೆಲ್ಲ ಹುಡುಕಿದರು, ಯಾರೂ ಜಾಗ ಕೊಡಲಿಲ್ಲ. ಕೊನೆಗೆ ಕೊಟ್ಟಿಗೆಯಲ್ಲೇ."

ಸಿದ್ದೇಶ್ವರನ ಎಚ್ಚರ ಅಲ್ಲಿಗೆ ತೀರಿತು. "ಅಕ್ಕ, ಇದೇನ್ ಮಾಡ್ತಾ ಇದೀಯೇ? ಬಿ.ಎಡ್. ಓದೋ ಮಗಳನ್ನ ಕೊಟ್ಟಿಗೇಲಿರೋರಿಗೆ, ಅದೂ ಹುಟ್ದೆ ಇರೋ ಹುಡುಗನ್ಗೆ, ಶೂನ್ಯಮಾಸದಲ್ಲಿ ಕೊಡ್ತಾ ಇದೀರಾ? ಭಾವನ್ಗೆ ತಲೆ ಕೆಟ್ಟೈತೆ, ನಿನ್ಗೇನಾಗೈತೆ?"

"ಯಾರನ್ನ ಕೊಡ್ತಾವ್ರೆ?" ಎಂದ ಪಾಲಾಕ್ಷಯ್ಯ. ಮನೆ ಯಜಮಾನನಾಗಿ ಅದನ್ನು ತಿಳಿದುಕೊಳ್ಳುವ ಹಕ್ಕು ತನಗೂ ಇದೆ ಅನ್ನಿಸಿತ್ತು.

ಸೌಜನ್ಯ ಸೆರಗಿಲ್ಲದ್ದಕ್ಕೆ ದುಪಟ್ಟಾವನ್ನೇ ಬಾಯಿಗೆ ತುರುಕಿಕೊಂಡು ಗೋಡೆಗೊರಗಿದ್ದಳು. ಉಸಿರು ಬಂದ ಮೇಲೆ, "ಮಾವ, ಅವರು ಹೇಳ್ತಿರೋದು ಯೇಸು ಬಗ್ಗೆ," ಎಂದಳು.

ಮೇಡಂ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದರು. ಸೋದರಮಾವನಿಗೆ ಗೋದಲಿ ಗೊತ್ತಿಲ್ಲ. ಬಾಗಿಲಲ್ಲಿ ಮಾವಿನ ತೋರಣ. ಒಳಗೆ ತೆರೆದಿದ್ದ ದೇವರ ಮನೆಯಲ್ಲಿ ದೀಪದ ಹಿಂದೆ ಶಿವನ ಪಟ. ಅವರು ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಹೊಸ್ತಿಲ ಹೊರಗೆ ಅಡಿಯಿಂದ ಮುಡಿಯವರೆಗೆ ಕೆಸರಾದ ರಾಮಣ್ಣ ಬಂದು ನಿಂತ.

"ಮುಗೀತು ಸಾ, ಬಂದು ನೋಡ್ಕಳಿ." ಮೇಡಂ ದೊಡ್ಡವರಂತೆ ಕಂಡದ್ದರಿಂದ ಅವರಿಗೂ ವಿವರಿಸಿದ. "ಈ ಸಂಪು ತೊಳ್ಸಕ್ಕೆ ಅಂತ್ಲೇ ರಜ ಹಾಕವ್ರಂತೆ ತಾಯಿ. ಇಂಥ ಯಜಮಾನ್ರು ಸಿಗಾಕಿಲ್ಲ."

ಪಾಲಾಕ್ಷಯ್ಯ ಎರಡೂ ಕೈಯಿಂದ ಟೋಪಿ ಎಳೆದು ತೆಗೆದ. ಮೂರೆಳೆ ವಿಭೂತಿ ಬೆವರಿನಲ್ಲಿ ಕಲಸಿಹೋಗಿದ್ದರೂ ವಿಭೂತಿಯೆಂದು ತಿಳಿಯುತ್ತಿತ್ತು. "ಮೇಡಂ, ನಿಜ. ಸಂಪಿಗೇ ಹಾಕಿದ್ದು. ಮಾಸ್ ಅಂದಾಗ ನಾನು ಮಾಂಸ ಅಂದ್ಕಂಡೆ. ನಿನ್ನೆ ಹೇಳೋಣ ಅಂತ ಫೋನ್ ಮಾಡ್ದೆ, ನೀವು ಪೆಟ್ಟಿಗೆ ತೆರೆದೆ ಅಂದ್ರಿ. ಆಮೇಲೆ ನನ್ನ ಕೈಲಿ ಆಗ್ಲಿಲ್ಲ." ಇಷ್ಟು ಹೊತ್ತಿನಲ್ಲಿ ಒಕ್ಕಣೆ ಇಲ್ಲದೆ ಅವನಾಡಿದ ಮಾತು ಅದೊಂದೇ.

ಮೇಡಂ ಕತ್ತೆಯನ್ನು ಹುಲ್ಲಿನ ಮೇಲಿಟ್ಟರು. "ಹಾಗಾದರೆ ಅರ್ಜಿಯಲ್ಲಿ ಬರೆದದ್ದು ಸುಳ್ಳಾ?"

ಪಾಲಾಕ್ಷಯ್ಯನಿಗೆ ಬಸವೇಶನ ಬೀರು ಕಣ್ಣ ಮುಂದೆ ಬಂತು. 'ಹೌದು ಮೇಡಂ' ಎಂಬುದು ನಾಲಿಗೆಯ ತುದಿಗೂ ಬಂತು. ಅದನ್ನು ತಡೆದವಳು ರೇವಮ್ಮ.

"ಸುಳ್ಳು ಎಂಗಾಯ್ತದೆ ಮೇಡಮ್ಮಾರೆ? ನಾಲ್ಕು ಗಂಟೆಗೆ ಎದ್ದು ನಲವತ್ತು ಒಬ್ಬಟ್ಟು ತಟ್ಟಿವ್ನಿ. ಯಾವ ದೇವ್ರಿಗೆ ಅಂತ ಸರಿಯಾಗಿ ಗೊತ್ತಿಲ್ದೆ ಇರಬೌದು. ಶ್ರದ್ಧೆ ಇಲ್ದೆ ತಟ್ಟಕ್ಕಾಯ್ತದಾ?"

ಮೇಡಂ ಭುಜ ಅಲುಗಿತು. ಅಳುತ್ತಿದ್ದಾರೆಂದು ಜಯಲಕ್ಷ್ಮಮ್ಮ ನೀರು ತರಲು ಓಡಿದಳು. ತಂದು ನೋಡಿದರೆ ನಗುತ್ತಿದ್ದರು. "ಮೂರುಂಟು, ಭಾನುವಾರ ಸಾಲು ನಿಲ್ತಾರೆ ಅಂದಿರಲ್ಲ ಮಾರಾಯ್ರೆ," ಎಂದು ಮತ್ತೆ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಸಣ್ಣ ದನಿಯಲ್ಲಿ, "ನಾನೂ ಇನ್ನೊಂದು ಸಲ ಯೋಚಿಸಬೇಕಿತ್ತು. ನೀವು ನಮ್ಮವರೇ ಆಗಿರಲಿ ಅಂತ ಆಸೆ ಇತ್ತು, ಅಷ್ಟೇ," ಎಂದರು.

"ಒಬ್ಬಟ್ಟು ಆರೋಗ್ತದೆ," ಎಂದಳು ರೇವಮ್ಮ. ಅದಕ್ಕೆ ಎದುರಾಡುವವರು ಯಾವ ಧರ್ಮದಲ್ಲೂ ಇರಲಿಲ್ಲ. ಎಲ್ಲರೂ ಕೂತರು. ಮೇಡಂ ಒಬ್ಬಟ್ಟಿಗೆ ತುಪ್ಪ ಎರಡು ಸಲ ಹಾಕಿಸಿಕೊಂಡರು. ಸಿದ್ದೇಶ್ವರ ನಾಲ್ಕು ಚಕ್ಕುಲಿ ಮುಗಿಸುವವರೆಗೆ ಗಂಭೀರವಾಗಿದ್ದು, ಐದನೆಯದಕ್ಕೆ ಸಿಟ್ಟು ಬಿಟ್ಟ. ತಂದ ಹಣ್ಣಿನ ತಟ್ಟೆ ವಾಪಸು ಒಯ್ಯುವಂತಿರಲಿಲ್ಲ. ಅದನ್ನು ಗೋದಲಿಯ ಮುಂದಿಟ್ಟು, ಹುಟ್ಟಲಿರುವ ಹುಡುಗನಿಗೆ ಎಂದ. ಮೇಡಂ ಬಸ್ಸಿನಲ್ಲಿ ಹಾಸನಕ್ಕೆ ಹೊರಡುತ್ತೇನೆಂದಾಗ ಅಡ್ಡ ನಿಂತವನೂ ಅವನೇ. "ಕಾರೈತೆ. ನಮ್ ಮನೆ ಹಬ್ಬಕ್ಕೆ ಬಂದೋರು ಬಸ್ಸಲ್ಲಿ ಓದ್ರೆ ನುಗ್ಗೇಹಳ್ಳೀಲಿ ನನ್ ಮುಖಕ್ಕೆ ಏನ್ ಬೆಲೆ?"

ಐದು ಜನರ ಕಾರಿನಲ್ಲಿ ಏಳು ಜನ ಹೊರಟರು. ಏಳನೆಯವಳು ಜಯಲಕ್ಷ್ಮಮ್ಮ. ಅವಳನ್ನು ಯಾರೂ ಕರೆದಿರಲಿಲ್ಲ. ಕೂತಿದ್ದಳು, ಇಳಿಸಲು ಯಾರಿಗೂ ಧೈರ್ಯ ಬರಲಿಲ್ಲ.

ಹಾಸನದ ಚರ್ಚಿನ ತುಂಬ ಜನ, ದೀಪ. ಮೇಡಂ ಹೆಂಗಸರನ್ನೆಲ್ಲ ಕರೆದುಕೊಂಡು ಮುಂದೆ ಹೋದರು. ಸಿದ್ದೇಶ್ವರ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದವನು ಪತ್ತೆಯಿಲ್ಲ. ಪಾಲಾಕ್ಷಯ್ಯ ಒಬ್ಬನೇ ಹಿಂದಿನ ಬೆಂಚಿನ ತುದಿಯಲ್ಲಿ ಉಳಿದ. ಪೂಜೆ ಶುರುವಾಯಿತು. ಜನ ಏಳುತ್ತಾರೆ, ಕೂರುತ್ತಾರೆ, ಮಂಡಿಯೂರುತ್ತಾರೆ, ಮತ್ತೆ ಏಳುತ್ತಾರೆ. ಯಾವಾಗ ಯಾವುದು ಎಂಬುದಕ್ಕೆ ಸುತ್ತೋಲೆ ಎಲ್ಲೂ ಅಂಟಿಸಿರಲಿಲ್ಲ.

ಪಕ್ಕದಲ್ಲಿ ಕಂದು ಸ್ವೆಟರಿನ ಒಬ್ಬ ನಡುವಯಸ್ಸಿನವನಿದ್ದ. ಕೈ ಜೋಡಿಸಿ, ಮುಖ ಬಿಗಿದು, ತುಂಬಾ ಭಕ್ತನಂತೆ ಕಂಡ. ಪಾಲಾಕ್ಷಯ್ಯ ಅವನನ್ನೇ ನೆಚ್ಚಿಕೊಂಡ. ಅವನು ಎದ್ದರೆ ಎದ್ದ, ಕೂತರೆ ಕೂತ. ಆ ಮನುಷ್ಯ ಆಗಾಗ ಓರೆಗಣ್ಣಿನಿಂದ ಇವನನ್ನು ನೋಡುತ್ತಿದ್ದ. ಹೊಸಬನೆಂದು ಕನಿಕರವಿರಬೇಕು ಎಂದುಕೊಂಡ. ಅರ್ಧ ಗಂಟೆ ಹೀಗೇ ಚೆನ್ನಾಗಿ ನಡೆಯಿತು.

ಆಮೇಲೆ ಒಂದು ಹಾಡು ಮುಗಿದು ಇಡೀ ಚರ್ಚು ಕೂತಿತು. ಸ್ವೆಟರಿನವನು ಕೂರಲಿಲ್ಲ. ಪಾಲಾಕ್ಷಯ್ಯನೂ ಕೂರಲಿಲ್ಲ. ಪಾದ್ರಿಗಳು ಪ್ರವಚನ ಶುರು ಮಾಡಿದರು. ಐನೂರು ಜನ ಕೂತಿದ್ದಾರೆ, ಇಬ್ಬರು ನಿಂತಿದ್ದಾರೆ. ಮುಂದಿನ ಸಾಲುಗಳಿಂದ ತಲೆಗಳು ತಿರುಗಿ ನೋಡತೊಡಗಿದವು. ಹತ್ತು ನಿಮಿಷವಾಯಿತು. ಕಾಲು ಸೋತಿತು.

"ಸಾ," ಎಂದು ಪಿಸುಗುಟ್ಟಿದ ಪಾಲಾಕ್ಷಯ್ಯ, "ನಾವು ಯಾವಾಗ ಕೂತ್ಕಳದು?"

ಸ್ವೆಟರಿನವನು ಗಾಬರಿಯಿಂದ ತಿರುಗಿದ. "ನನ್ನ ಕೇಳ್ತೀರಲ್ಲ ಸಾ? ನಾನು ನಿಮ್ಮನ್ನೇ ನೋಡ್ಕಂಡು ನಿಂತಿವ್ನಿ. ನಮ್ದು ಚನ್ನರಾಯಪಟ್ಟಣ. ನಾನು ಡ್ರೈವರು, ಓನರಮ್ಮನ್ನ ಬಿಡಕ್ಕೆ ಬಂದೆ, ಒಳ್ಗೆ ಬೆಚ್ಚಗೈತೆ ಅಂತ ಬಂದ್ಬುಟ್ಟೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೀವಮಾನದಲ್ಲಿ ಮೊದಲ ಸಲ ಒಂದು ತೀರ್ಮಾನವನ್ನು ಸ್ವಂತ ಜವಾಬ್ದಾರಿಯ ಮೇಲೆ ತೆಗೆದುಕೊಳ್ಳಬೇಕಾದ ಹೊತ್ತು ಪಾಲಾಕ್ಷಯ್ಯನಿಗೆ ಬಂದಿತ್ತು.

"ಇಬ್ರೂ ಒಟ್ಗೇ ಕೂತ್ಕಬುಡಣ," ಎಂದ.

ಕೂತರು. ಅಲ್ಲಿಗೆ ಪ್ರವಚನ ಮುಗಿಯಿತು, ಇಡೀ ಚರ್ಚು ಎದ್ದು ನಿಂತಿತು.